ಜೀವಶಾಸ್ತ್ರ ಓದುವ ಗಡಿನಾಡ ಮಕ್ಕಳ ಕೈಯಿಂದ ಗಣಿತ ತಪ್ಪಬಾರದು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಪ್ಲಸ್ ಟು ಫಲಿತಾಂಶ ಪ್ರಕಟವಾದ ಬೆನ್ನಲ್ಲೇ ತಮ್ಮ ಪತ್ರಿಕೆಯಲ್ಲಿ ಬಂದ ಉನ್ನತ ಶಿಕ್ಷಣ ಮಾರ್ಗದರ್ಶಿ ಲೇಖನವನ್ನು ಆಸಕ್ತಿಯಿಂದ ಓದಿದೆ. ನರ್ಸಿಂಗ್, ಫಾರ್ಮಸಿ, ಕೃಷಿ ವಿಜ್ಞಾನ, ಶಿಕ್ಷಕ ತರಬೇತಿ ಮೊದಲಾದವುಗಳ ಬಗ್ಗೆ ಅದರಲ್ಲಿ ಉಪಯುಕ್ತ ವಿವರಗಳಿದ್ದವು. ಜೀವಶಾಸ್ತ್ರದ ಪ್ರಶ್ನೆಗಳನ್ನು ಗಣಿತ ಮತ್ತು ಕಂಪ್ಯೂಟರಿನ ನೆರವಿನಿಂದ ಬಿಡಿಸುವ ವಿದ್ಯೆಯಾದ ಕಂಪ್ಯುಟೇಶನಲ್ ಬಯಾಲಜಿಯ ಬಗ್ಗೆ ಮಾತ್ರ, ಜೀವಶಾಸ್ತ್ರ ಓದಿದವರು ಐಟಿ ಕ್ಷೇತ್ರ ಸೇರಲು ಇರುವ ಸುಲಭದ ದಾರಿ ಎಂಬರ್ಥದ ಒಂದೇ ವಾಕ್ಯವಿತ್ತು. ಅದು ಸುಲಭದ ದಾರಿಯೂ ಅಲ್ಲ, ಕೇವಲ ಐಟಿ ಕ್ಷೇತ್ರಕ್ಕೆ ಹೋಗುವ ದಾರಿಯೂ ಅಲ್ಲ. ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮುಂದೆ ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ. ಪಡೆದು, ಈಗ ಇದನ್ನೇ ಕಲಿಸುತ್ತಿರುವವಳಾದ್ದರಿಂದ, ಈ ಪದವಿಗೆ ಏನೇನು ಬೇಕು ಮತ್ತು ನಮ್ಮ ಮಕ್ಕಳಿಗೆ ಅದು ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ತಮ್ಮ ಓದುಗರ ಮುಂದಿಡಲು ಬಯಸುತ್ತೇನೆ. ಪತ್ರ ಸ್ವಲ್ಪ ದೀರ್ಘವಾದೀತು. ವಿಷಯದ ಮಹತ್ವವನ್ನು ನೋಡಿ ಸ್ಥಳಾವಕಾಶ ಕೊಡಬೇಕೆಂದು ವಿನಂತಿ.

ಉದಾಹರಣೆಯಿಲ್ಲದೆ ಈ ವಿದ್ಯೆ ಏನೆಂದು ಹೇಳುವುದು ಕಷ್ಟ. ನಮ್ಮ ಕೃಷಿಕರೆಲ್ಲರಿಗೂ ಗೊತ್ತಿರುವ ಅಡಿಕೆಯ ಹಳದಿ ಎಲೆ ರೋಗವನ್ನೇ ತೆಗೆದುಕೊಳ್ಳೋಣ. ಸಂಪಾಜೆ, ಅರಂತೋಡು ಭಾಗದಲ್ಲಿ ಎಷ್ಟೋ ತೋಟಗಳನ್ನು ಬರಿದುಮಾಡಿದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಮರದ ಆಹಾರ ಸಾಗುವ ನಾಳಗಳಲ್ಲಿ ವಾಸಿಸುವ ಈ ರೋಗಾಣುವನ್ನು ಜಿಗಿಹುಳುಗಳು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಬೇರೆ ಅನೇಕ ರೋಗಾಣುಗಳನ್ನು ಬೆಳೆಸಿದಂತೆ ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ನೋಡುವುದು ತೀರಾ ಕಷ್ಟ. ಹಾಗಾದರೆ ಅದರ ಗುಣವನ್ನು ತಿಳಿಯುವುದು ಹೇಗೆ? ರೋಗ ತಗಲಿದ ಎಲೆಯಿಂದ ಡಿಎನ್‌ಎ ತೆಗೆದು, ಅದರ ಅಕ್ಷರಗಳನ್ನು ಓದುವ ಯಂತ್ರಕ್ಕೆ ಕೊಟ್ಟರೆ, ಅಡಿಕೆಮರದ ಡಿಎನ್‌ಎಯೂ ರೋಗಾಣುವಿನ ಡಿಎನ್‌ಎಯೂ ಕಲಸಿಕೊಂಡ ಕೋಟ್ಯಂತರ ಸಣ್ಣ ತುಣುಕುಗಳು ದೊರೆಯುತ್ತವೆ. ಅಡಿಕೆಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಸುಮಾರು 250 ಕೋಟಿ ಅಕ್ಷರಗಳಷ್ಟು ದೊಡ್ಡದು. ಫೈಟೋಪ್ಲಾಸ್ಮಾದ ಜೀನೋಮ್ ಕೆಲವೇ ಲಕ್ಷ ಅಕ್ಷರಗಳದು. ಆ ರಾಶಿಯಿಂದ ರೋಗಾಣುವಿನ ತುಣುಕುಗಳನ್ನು ಬೇರ್ಪಡಿಸಿ, ಕ್ರಮವಾಗಿ ಜೋಡಿಸಿ, ಅದರಲ್ಲಿ ಯಾವ ಯಾವ ಜೀನ್‌ಗಳಿವೆ, ಬೇರೆ ಕಡೆ ಸಿಕ್ಕ ಫೈಟೋಪ್ಲಾಸ್ಮಾಗಳ ಪೈಕಿ ಇದಕ್ಕೆ ಹತ್ತಿರದ ಸಂಬಂಧಿ ಯಾವುದು ಎಂದು ತಿಳಿಯುವ ಕೆಲಸ ನಡೆಯುವುದು ಸೂಕ್ಷ್ಮದರ್ಶಕದ ಕೆಳಗಲ್ಲ, ಕಂಪ್ಯೂಟರಿನಲ್ಲಿ. ಆ ಕೆಲಸ ಮಾಡುವವರಿಗೆ ಗಿಡದ ಬಗ್ಗೆಯೂ ರೋಗಾಣುವಿನ ಬಗ್ಗೆಯೂ ತಿಳಿದಿರಬೇಕು, ಪ್ರೋಗ್ರಾಂ ಬರೆಯಲು ಬರಬೇಕು, ಬಂದ ಉತ್ತರವನ್ನು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕಲೂ ಬರಬೇಕು. ಈ ಮೂರೂ ಒಬ್ಬರಲ್ಲೇ ಇರುವಂತೆ ತಯಾರು ಮಾಡುವುದೇ ಈ ಪದವಿಯ ಉದ್ದೇಶ.

ಯಂತ್ರದಿಂದ ಬರುವ ಕಡತವನ್ನು ಒಮ್ಮೆ ತೆರೆದು ನೋಡಿದರೆ ನಾನು ಹೇಳುವುದು ಇನ್ನಷ್ಟು ಸ್ಪಷ್ಟವಾದೀತು. ಅದರಲ್ಲಿ ಪ್ರತಿ ತುಣುಕಿಗೆ ನಾಲ್ಕು ಸಾಲುಗಳಿರುತ್ತವೆ. ಮೊದಲನೆಯದು ತುಣುಕಿನ ಗುರುತು, ಎರಡನೆಯದು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಸರಣಿ, ಮೂರನೆಯದು ಒಂದು ಕೂಡಿಸುವ ಚಿಹ್ನೆ, ನಾಲ್ಕನೆಯದು ಯಂತ್ರವು ಓದಿದ ಪ್ರತಿಯೊಂದು ಅಕ್ಷರಕ್ಕೂ ಕೊಟ್ಟ ಗುಣಮಟ್ಟದ ಸಂಕೇತ. ಆ ಗುಣಮಟ್ಟ 20 ಎಂದಿದ್ದರೆ ಆ ಅಕ್ಷರ ತಪ್ಪಾಗಿರುವ ಸಾಧ್ಯತೆ ನೂರರಲ್ಲಿ ಒಂದು, 30 ಎಂದಿದ್ದರೆ ಸಾವಿರದಲ್ಲಿ ಒಂದು, 40 ಎಂದಿದ್ದರೆ ಹತ್ತು ಸಾವಿರದಲ್ಲಿ ಒಂದು. ಇದು ಲಾಗರಿದಮ್‌ನ ಲೆಕ್ಕ. ಪ್ಲಸ್ ಟುವಿನಲ್ಲಿ ಪರೀಕ್ಷೆಯ ಮಟ್ಟಿಗೆ ಓದಿ ಮರೆತ ಅದೇ ಲಾಗರಿದಮ್, ಎಂ.ಎಸ್ಸಿ.ಯ ಮೊದಲ ವಾರದಲ್ಲೇ ಎದುರು ಬಂದು ನಿಲ್ಲುತ್ತದೆ. 20 ಮತ್ತು 30ರ ನಡುವಿನ ವ್ಯತ್ಯಾಸ ಹತ್ತಲ್ಲ, ಹತ್ತುಪಟ್ಟು ಎಂಬುದು ತಟ್ಟನೆ ಹೊಳೆಯದ ವಿದ್ಯಾರ್ಥಿ ಯಾವ ತುಣುಕನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಲಾರ.

ಇನ್ನೊಂದು ಪ್ರಸಂಗವನ್ನೂ ಹೇಳಬೇಕು, ಏಕೆಂದರೆ ಈ ವಿದ್ಯೆಯಲ್ಲಿ ಜನ ಎಡವುವುದು ಹೆಚ್ಚಾಗಿ ಇಲ್ಲೇ. ರೋಗವಿರುವ ಮರದಲ್ಲೂ ಇಲ್ಲದ ಮರದಲ್ಲೂ ಮೂವತ್ತು ಸಾವಿರ ಜೀನ್‌ಗಳ ಚಟುವಟಿಕೆಯನ್ನು ಹೋಲಿಸುತ್ತೇವೆ ಎಂದುಕೊಳ್ಳಿ. ಪ್ರತಿ ಜೀನಿಗೂ ಒಂದೊಂದು ಪರೀಕ್ಷೆ ನಡೆಸಿ, ಆಕಸ್ಮಿಕವಾಗಿ ಇಂಥ ವ್ಯತ್ಯಾಸ ಕಾಣುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಇದ್ದರೆ ಆ ಜೀನಿಗೂ ರೋಗಕ್ಕೂ ಸಂಬಂಧವಿದೆ ಎಂದು ತೀರ್ಮಾನಿಸಿದರೆ ಏನಾಗುತ್ತದೆ? ವಾಸ್ತವದಲ್ಲಿ ಒಂದು ಜೀನಿಗೂ ಸಂಬಂಧವಿಲ್ಲದಿದ್ದರೂ, ಬರಿಯ ಆಕಸ್ಮಿಕದಿಂದಲೇ ಸುಮಾರು 1500 ಜೀನ್‌ಗಳು ನಮ್ಮ ಪಟ್ಟಿಗೆ ಬಂದು ಸೇರುತ್ತವೆ. ಕಂಪ್ಯೂಟರ್ ಆ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಅಚ್ಚುಕಟ್ಟಾಗಿ ಕೊಡುತ್ತದೆ, ಪಟ್ಟಿ ಸುಳ್ಳೆಂದು ಮಾತ್ರ ಹೇಳುವುದಿಲ್ಲ. ಈ ತೊಡಕನ್ನು ನಿಭಾಯಿಸಲು ಬೆಂಜಮಿನಿ ಮತ್ತು ಹಾಕ್‌ಬರ್ಗ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ಕೊಟ್ಟ ವಿಧಾನವನ್ನು ಇಂದು ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಒಂದು ಗುಂಡಿ ಇರುತ್ತದೆ ನಿಜ. ಆದರೆ ಆ ಗುಂಡಿಯನ್ನು ಏಕೆ ಒತ್ತಬೇಕೆಂದು ತಿಳಿಯದವನಿಗೆ ಪದವಿ ಕೊಟ್ಟರೆ, ಅವನು ಹೇಳಿದ ಜೀನಿನ ಹಿಂದೆ ಬಿದ್ದು ಇನ್ನೊಬ್ಬರು ಹೊಲದಲ್ಲಿ, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಶ್ರಮವನ್ನೂ ಹಣವನ್ನೂ ಕಳೆಯಬೇಕಾಗುತ್ತದೆ.

ಈ ಕ್ಷೇತ್ರವನ್ನು ಕಟ್ಟಿದವರನ್ನು ನೋಡಿದರೂ ಗಣಿತದ ಪಾಲು ಎಷ್ಟು ದೊಡ್ಡದೆಂದು ತಿಳಿಯುತ್ತದೆ. 1965ರಲ್ಲಿ ಪ್ರೋಟೀನ್ ಅನುಕ್ರಮಗಳ, ಅಂದರೆ ಪ್ರೋಟೀನಿನ ಘಟಕಗಳು ಸಾಲಾಗಿ ಬರುವ ಕ್ರಮಗಳ, ಮೊದಲ ಸಂಗ್ರಹವನ್ನು ಹೊರತಂದ ಮಾರ್ಗರೆಟ್ ಡೇಹಾಫ್ ಅವರು ಗಣಿತ ಮತ್ತು ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ ಪಳಗಿದವರು. 1981ರಲ್ಲಿ ಎರಡು ಅನುಕ್ರಮಗಳ ನಡುವಿನ ಹೋಲಿಕೆಯನ್ನು ಹುಡುಕುವ ಪ್ರಸಿದ್ಧ ವಿಧಾನವನ್ನು ಕೊಟ್ಟ ಸ್ಮಿತ್ ಮತ್ತು ವಾಟರ್‌ಮನ್ ಇಬ್ಬರಲ್ಲಿ ಒಬ್ಬರು ಭೌತಶಾಸ್ತ್ರಜ್ಞರು, ಇನ್ನೊಬ್ಬರು ಗಣಿತಜ್ಞರು. ನಮ್ಮವರೇ ಆದ ಜಿ.ಎನ್. ರಾಮಚಂದ್ರನ್ ಅವರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಅವರು ಹುಟ್ಟಿದ್ದು ಇದೇ ಕೇರಳದ ಎರ್ನಾಕುಳಂನಲ್ಲಿ, 1922ರಲ್ಲಿ. ಅವರ ತಂದೆ ಗಣಿತದ ಪ್ರಾಧ್ಯಾಪಕರು. ಭೌತಶಾಸ್ತ್ರ ಓದಿದ ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ಸಹೋದ್ಯೋಗಿಗಳೊಂದಿಗೆ 1963ರಲ್ಲಿ ಪ್ರಕಟಿಸಿದ ನಕ್ಷೆ, ಪ್ರೋಟೀನಿನ ಕೊಂಡಿಗಳು ಯಾವ ಕೋನಗಳಲ್ಲಿ ತಿರುಗಬಲ್ಲವು, ಯಾವ ಕೋನಗಳಲ್ಲಿ ತಿರುಗಲಾರವು ಎಂಬುದನ್ನು ಬರಿಯ ಜ್ಯಾಮಿತಿಯಿಂದ ತೋರಿಸಿಕೊಟ್ಟಿತು. ಇಂದಿಗೂ ಯಾವುದೇ ಪ್ರೋಟೀನಿನ ರಚನೆ ಸರಿಯಾಗಿದೆಯೇ ಎಂದು ಪರೀಕ್ಷಿಸುವಾಗ ರಾಮಚಂದ್ರನ್ ನಕ್ಷೆಯನ್ನು ತೆರೆಯುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣವಿಕ ಜೈವಭೌತಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದದ್ದು ಕೂಡ ಕಂಪ್ಯೂಟರಿನಲ್ಲಿ ಪ್ರೋಟೀನನ್ನು ವಿನ್ಯಾಸಗೊಳಿಸಿದ್ದಕ್ಕೆ ಮತ್ತು ಅದರ ರಚನೆಯನ್ನು ಊಹಿಸಿದ್ದಕ್ಕೆ.

ಈಗ ಪದವಿಯ ವಿಷಯ. ಎಂ.ಎಸ್ಸಿ. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ತಿರುವನಂತಪುರದ ಕಾರ್ಯವಟ್ಟಂ ಕ್ಯಾಂಪಸ್ಸಿನಲ್ಲಿ ಕೇರಳ ವಿಶ್ವವಿದ್ಯಾಲಯವು ಕಂಪ್ಯುಟೇಶನಲ್ ಬಯಾಲಜಿಗೆಂದೇ ವಿಭಾಗವನ್ನು ನಡೆಸುತ್ತಿದೆ. ಪುಣೆ, ಪುದುಚೇರಿ ವಿಶ್ವವಿದ್ಯಾಲಯಗಳಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ, ಬೆಂಗಳೂರಿನ ಐಬಿಎಬಿ (ಜೀವಮಾಹಿತಿಶಾಸ್ತ್ರ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ) ಸಂಸ್ಥೆಯಲ್ಲಿ ಇದೇ ಅಥವಾ ಇದಕ್ಕೆ ತೀರಾ ಹತ್ತಿರದ ವಿಷಯಗಳನ್ನು ಕಲಿಸುತ್ತಾರೆ. ದೆಹಲಿ ಮತ್ತು ಹೈದರಾಬಾದಿನ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಎಂಜಿನಿಯರಿಂಗ್ ಕಡೆಯಿಂದ ಬರುವವರಿಗೂ ಅವಕಾಶವಿದೆ. ಪಿಎಚ್.ಡಿ.ಗೆ ಚೆನ್ನೈಯ ಗಣಿತ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಹೆಸರಾದವು. ಗಣಿತ ವಿಜ್ಞಾನ ಸಂಸ್ಥೆಯೊಂದು ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಕೊಡುತ್ತದೆ ಎಂಬುದನ್ನು ನಮ್ಮ ಪಾಲಕರು ಗಮನಿಸಬೇಕು. ಪ್ರವೇಶಕ್ಕೆ ಕೆಲವು ಕಡೆ ಸಿಯುಇಟಿ-ಪಿಜಿ ಎಂಬ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ, ಕೆಲವು ಕಡೆ ಜಿಎಟಿ-ಬಿ ಎಂಬ ಜೈವಿಕ ತಂತ್ರಜ್ಞಾನದ ಪ್ರವೇಶ ಪರೀಕ್ಷೆ, ಇನ್ನು ಕೆಲವು ಕಡೆ ಆಯಾ ಸಂಸ್ಥೆಯದೇ ಪರೀಕ್ಷೆ. ಇವುಗಳಲ್ಲಿ ಜಿಎಟಿ-ಬಿ ಪರೀಕ್ಷೆಯ ಮೊದಲ ಭಾಗದ ಅರುವತ್ತು ಪ್ರಶ್ನೆಗಳು ಪ್ಲಸ್ ಟು ಮಟ್ಟದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರಕ್ಕೆ ಸೇರಿದವು, ಎಲ್ಲವೂ ಕಡ್ಡಾಯ. ಸಸ್ಯಶಾಸ್ತ್ರದಲ್ಲೋ ಪ್ರಾಣಿಶಾಸ್ತ್ರದಲ್ಲೋ ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಗಣಿತದ ಪುಸ್ತಕವನ್ನು ಅಟ್ಟಕ್ಕೇರಿಸಿ ಮೂರು ವರ್ಷ ದಾಟಿದ ಹುಡುಗಿಗೆ ಆ ಮೊದಲ ಭಾಗವೇ ಗೋಡೆಯಾಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಇದರ ಹೆಸರಿಗೆ ಬೇಡಿಕೆ ಬಂದಿರುವುದರಿಂದ, ತಕ್ಕ ಅಧ್ಯಾಪಕರಾಗಲಿ ಸೌಲಭ್ಯವಾಗಲಿ ಇಲ್ಲದೆ ಕೋರ್ಸು ತೆರೆದವರೂ ಇದ್ದಾರೆ. ಸೇರುವ ಮೊದಲು ಪಾಲಕರು ನೇರವಾಗಿ ವಿಚಾರಿಸಬೇಕು: ಸಂಖ್ಯಾಶಾಸ್ತ್ರವನ್ನು ಕಲಿಸುವವರು ಯಾರು, ಅವರು ಖಾಯಂ ಅಧ್ಯಾಪಕರೇ, ವಿದ್ಯಾರ್ಥಿಗಳು ತಾವೇ ಪ್ರೋಗ್ರಾಂ ಬರೆಯುತ್ತಾರೆಯೇ ಅಥವಾ ವೆಬ್‌ಸೈಟಿನಲ್ಲಿ ಅನುಕ್ರಮವನ್ನು ಅಂಟಿಸಿ ಉತ್ತರ ನಕಲು ಮಾಡುವುದಷ್ಟೇ ಪ್ರಾಯೋಗಿಕ ತರಗತಿಯೇ, ಕೊನೆಯ ಸೆಮಿಸ್ಟರಿನ ಸಂಶೋಧನಾ ಪ್ರಬಂಧಕ್ಕೆ ಹಿಂದಿನ ವರ್ಷದವರು ಎಲ್ಲಿಗೆ ಹೋಗಿದ್ದರು. ಈ ಕೊನೆಯ ಪ್ರಶ್ನೆಯ ಉತ್ತರ ಎಲ್ಲವನ್ನೂ ಹೇಳಿಬಿಡುತ್ತದೆ. ಒಳ್ಳೆಯ ವಿಭಾಗದ ವಿದ್ಯಾರ್ಥಿಗಳು ಆ ಆರು ತಿಂಗಳು ನಿಜವಾದ ಸಂಶೋಧನಾಲಯದಲ್ಲಿ, ಇನ್ನೂ ಉತ್ತರ ಸಿಗದ ಪ್ರಶ್ನೆಯೊಂದರ ಮೇಲೆ ಕೆಲಸ ಮಾಡಿರುತ್ತಾರೆ. ಮುಂದೆ ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ಕೇಳುವುದೂ ಅದರ ಬಗ್ಗೆಯೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವೊಂದು ಈ ಪದವಿಯನ್ನು ಪಡೆಯಬಲ್ಲದೇ ಇಲ್ಲವೇ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ವಿಶ್ವವಿದ್ಯಾಲಯದಲ್ಲಲ್ಲ, ಪ್ರೌಢಶಾಲೆಯ ಗಣಿತದ ತರಗತಿಯಲ್ಲಿ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವ ಪರಿಪಾಠದ ವಿರುದ್ಧ ಗಡಿನಾಡಿನಲ್ಲಿ ಎಷ್ಟೋ ಬಾರಿ ಪ್ರತಿಭಟನೆಗಳು ನಡೆದಿವೆ, ತಮ್ಮ ಪತ್ರಿಕೆಯೂ ಅವುಗಳನ್ನು ವರದಿ ಮಾಡುತ್ತಲೇ ಬಂದಿದೆ. ಅದನ್ನು ನಾವು ಹೆಚ್ಚಾಗಿ ಭಾಷೆಯ ಹಕ್ಕಿನ ಪ್ರಶ್ನೆಯಾಗಿ ನೋಡಿದ್ದೇವೆ, ಅದು ಸರಿಯೂ ಹೌದು. ಅದರಿಂದ ಗಣಿತ ಕಲಿಕೆಗೆ ಆಗುವ ಹಾನಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ನನ್ನ ಅಕ್ಕನ ಮಗಳು ಓದುವ ತರಗತಿಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಮಾಸ್ತರರು ಶ್ರದ್ಧೆಯಿಂದ ಪಾಠ ಮಾಡುವವರು, ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುವವರು, ಆದರೆ ಅವರಿಗೆ ಬರುವುದು ಮಲಯಾಳ ಮಾತ್ರ. ಪಠ್ಯಪುಸ್ತಕ ಕನ್ನಡದಲ್ಲಿದೆ. ಸಂಭವನೀಯತೆಯ ಪಾಠದಲ್ಲಿ ಅವರು ಮಲಯಾಳದಲ್ಲಿ ವಿವರಿಸಿದ್ದನ್ನು ಮುಂದಿನ ಬೆಂಚಿನ ಇಬ್ಬರು ಹುಡುಗಿಯರು ಅರ್ಧಂಬರ್ಧ ತಿಳಿದುಕೊಂಡು, ಹಿಂದಿನವರಿಗೆ ತುಳುವಿನಲ್ಲಿ ಹೇಳುತ್ತಾರೆ. ಹಿಂದಿನವರ ನೋಟುಪುಸ್ತಕದಲ್ಲಿ ಉತ್ತರವಿದೆ, ಛೇದದಲ್ಲಿ 36 ಏಕೆ ಬಂತು ಎಂಬುದಿಲ್ಲ. ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಒಂದರ ಆರು ಸಾಧ್ಯತೆಗಳಲ್ಲಿ ಪ್ರತಿಯೊಂದಕ್ಕೂ ಇನ್ನೊಂದರ ಆರು ಸಾಧ್ಯತೆಗಳು ಜೊತೆಯಾಗುತ್ತವೆ ಎಂದು ಅಕ್ಕನ ಮಗಳಿಗೆ ಮನೆಯಲ್ಲಿ ಕನ್ನಡದಲ್ಲಿ ಹೇಳಿದಾಗ ಒಂದೇ ಸಲಕ್ಕೆ ಅರ್ಥವಾಯಿತು. ತಪ್ಪು ಆ ಶಿಕ್ಷಕರದೂ ಅಲ್ಲ, ಮಕ್ಕಳದೂ ಅಲ್ಲ. ಮಲಯಾಳದ ಮೇಲೂ ನಮಗೆ ಯಾವ ಮುನಿಸಿಲ್ಲ. ನಾವೆಲ್ಲ ಅದನ್ನು ಆಡುತ್ತೇವೆ, ಅದರಲ್ಲಿ ವ್ಯವಹರಿಸುತ್ತೇವೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ‘ಏಕೆ’ ಎಂಬ ಪ್ರಶ್ನೆಯನ್ನು ಕೇಳಲು ಮಗುವಿಗೂ, ಉತ್ತರ ಹೇಳಲು ಗುರುವಿಗೂ ಒಂದೇ ಭಾಷೆ ಬೇಕು ಎಂಬುದಷ್ಟೇ ನನ್ನ ಮಾತು. ಚರಿತ್ರೆಯ ಪಾಠವೊಂದು ಅರ್ಥವಾಗದಿದ್ದರೆ ಮುಂದೆ ಓದಿ ತಿಳಿಯಬಹುದು. ಗಣಿತದಲ್ಲಿ ಎಂಟನೆಯ ತರಗತಿಯದು ಕೈಬಿಟ್ಟರೆ ಹತ್ತನೆಯದು ನಿಲ್ಲುವುದಿಲ್ಲ.

ಇದರ ಮೇಲೆ ನೀಟ್ ಪರೀಕ್ಷೆಯ ಪ್ರಭಾವ ಸೇರಿಕೊಳ್ಳುತ್ತದೆ. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಜೀವಶಾಸ್ತ್ರದ ಗುಂಪನ್ನು ಆರಿಸಿಕೊಂಡ ಹೆಚ್ಚಿನ ಮಕ್ಕಳಿಗೆ ಗಣಿತವೂ ಒಂದು ವಿಷಯವಾಗಿರುತ್ತದೆ. ನಮ್ಮ ಪಠ್ಯಕ್ರಮದ ಈ ಒಳ್ಳೆಯ ಗುಣಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ನೀಟ್‌ನಲ್ಲಿ ಗಣಿತದ ಪ್ರಶ್ನೆಗಳಿಲ್ಲ. ಆದ್ದರಿಂದ ಆ ಎರಡು ವರ್ಷ ಗಣಿತವನ್ನು ಪಾಸಾಗುವಷ್ಟು ಓದಿದರೆ ಸಾಕೆಂದು ಕೋಚಿಂಗಿನವರೂ ಮನೆಯವರೂ ಸೇರಿ ಮಕ್ಕಳಿಗೆ ಹೇಳಿಬಿಡುತ್ತಾರೆ. ನೀಟ್ ಬರೆದವರಲ್ಲಿ ಬಹುಪಾಲು ಮಕ್ಕಳಿಗೆ ವೈದ್ಯಕೀಯ ಸೀಟು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆ ಸಿಗದೆ ಬಿ.ಎಸ್ಸಿ.ಗೆ ಬಂದ ಮಗುವಿನ ಕೈಯಲ್ಲಿ ಗಣಿತವೂ ಉಳಿದಿರುವುದಿಲ್ಲ. ನೀಟ್ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ಗಣಿತವನ್ನು ಬಲಿಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿ.ಎಸ್ಸಿ.ಯಲ್ಲಿಯೂ ಪೂರಕ ವಿಷಯವಾಗಿ ಸಂಖ್ಯಾಶಾಸ್ತ್ರವನ್ನೋ ಗಣಿತವನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ಆರಿಸಿಕೊಳ್ಳುವ ಅವಕಾಶ ಎಲ್ಲಿದೆಯೋ ಅಲ್ಲಿ ಅದನ್ನು ಬಿಡಬಾರದು. ಕೇರಳದಲ್ಲಿ 2024ರಿಂದ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿಯಲ್ಲಿ ಇಂಥ ಆಯ್ಕೆಗಳು ಹೆಚ್ಚಿವೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತೊಡಕಾಗುವುದಿಲ್ಲವೇ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಆಗುತ್ತದೆ. ಪ್ಲಸ್ ಒನ್‌ನ ಮೊದಲ ಕೆಲವು ತಿಂಗಳು ಕಷ್ಟ, ಎಂ.ಎಸ್ಸಿ.ಯಲ್ಲಿ ಸಂಶೋಧನಾ ಲೇಖನಗಳನ್ನು ಓದಲು ಆರಂಭಿಸಿದಾಗ ಮತ್ತೆ ಕಷ್ಟ. ಆದರೆ ನನ್ನ ಬಳಿ ಕಲಿತವರನ್ನು ನೋಡಿ ಹೇಳುವುದಾದರೆ, ಇಂಗ್ಲಿಷ್ ದುರ್ಬಲವಾಗಿದ್ದು ಗಣಿತ ಗಟ್ಟಿಯಾಗಿರುವ ವಿದ್ಯಾರ್ಥಿ ವರ್ಷದೊಳಗೆ ಎಲ್ಲರ ಸಮಕ್ಕೆ ಬರುತ್ತಾನೆ. ಇಂಗ್ಲಿಷ್ ಸರಾಗವಾಗಿದ್ದು ಗಣಿತ ಇಲ್ಲದವನು ಎರಡು ವರ್ಷ ಮುಗಿದರೂ ತಡವರಿಸುತ್ತಲೇ ಇರುತ್ತಾನೆ.

ನಮ್ಮ ಮಕ್ಕಳಿಗೆ ಅನುಕೂಲವಾದ ಸಂಗತಿಗಳೂ ಇವೆ, ಅವುಗಳನ್ನು ನಾವು ಗಮನಿಸಿಲ್ಲ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಆಧರಿಸಿದ ಸ್ವತಂತ್ರ ತಂತ್ರಾಂಶದಲ್ಲಿ. ಶಾಲೆಗಳ ‘ಲಿಟಲ್ ಕೈಟ್ಸ್’ ಎಂಬ ಐಟಿ ಕೂಟಗಳಲ್ಲಿ ಪ್ರೋಗ್ರಾಮಿಂಗ್‌ನ ಪ್ರಾಥಮಿಕ ಪಾಠಗಳೂ ಸಿಗುತ್ತವೆ. ಕಂಪ್ಯುಟೇಶನಲ್ ಬಯಾಲಜಿಯ ಬಹುಪಾಲು ಕೆಲಸ ನಡೆಯುವುದು ಲಿನಕ್ಸ್‌ನಲ್ಲೇ. ಬೇರೆ ರಾಜ್ಯಗಳಿಂದ ಬಂದ ಎಷ್ಟೋ ಎಂ.ಎಸ್ಸಿ. ವಿದ್ಯಾರ್ಥಿಗಳು ಮೊದಲ ಬಾರಿಗೆ ಲಿನಕ್ಸ್ ಪರದೆಯನ್ನು ಕಂಡು ಕಂಗಾಲಾಗುವಾಗ, ಕೇರಳದ ಸರಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಅದು ಎಂಟನೆಯ ತರಗತಿಯಿಂದಲೇ ಪರಿಚಿತ. ಪೈಥಾನ್, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳೂ, ಅನುಕ್ರಮಗಳನ್ನು ಹೋಲಿಸುವ ಸಾಧನಗಳೂ ಉಚಿತ. ಜಗತ್ತಿನ ಸಂಶೋಧಕರು ಜಮೆ ಮಾಡಿದ ಡಿಎನ್‌ಎ ಅನುಕ್ರಮಗಳ ಜೆನ್‌ಬ್ಯಾಂಕ್ ಎಂಬ ಸಂಗ್ರಹ 1982ರಿಂದ ಎಲ್ಲರಿಗೂ ತೆರೆದಿದೆ. ನಮ್ಮ ಜಿಲ್ಲೆಯ ಪೆರ್ಲದಲ್ಲಿ ಕುಳಿತ ವಿದ್ಯಾರ್ಥಿನಿ ಸಾಮಾನ್ಯವಾದ ಲ್ಯಾಪ್‌ಟಾಪಿನಲ್ಲಿ ಅದೇ ದತ್ತಾಂಶವನ್ನು ಇಳಿಸಿಕೊಂಡು ಅಭ್ಯಾಸ ಮಾಡಬಹುದು. ಕೋಟ್ಯಂತರ ರೂಪಾಯಿಯ ಪ್ರಯೋಗಾಲಯವಿಲ್ಲದೆ ಇಷ್ಟು ದೂರ ಸಾಗಬಹುದಾದ ವಿಜ್ಞಾನದ ಶಾಖೆಗಳು ಹೆಚ್ಚಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಎರಡು ದೊಡ್ಡ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲೇ ಇವೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು, 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕಾಸರಗೋಡು ಪೇಟೆಯ ಪಕ್ಕದಲ್ಲೇ ಇದೆ. ತೆಂಗಿನ ಜೀನೋಮ್ ಸುಮಾರು 240 ಕೋಟಿ ಅಕ್ಷರಗಳದು, ಭತ್ತದ್ದಕ್ಕಿಂತ ಐದಾರು ಪಟ್ಟು ದೊಡ್ಡದು, ಅದರಲ್ಲಿ ಹೆಚ್ಚಿನ ಪಾಲು ಮತ್ತೆ ಮತ್ತೆ ಮರುಕಳಿಸುವ ತುಣುಕುಗಳು. ಪಲ್ಲವಿಯೇ ನೂರಾರು ಸಲ ಬರುವ ಹಾಡಿನ ಪ್ರತಿಯನ್ನು ಹರಿದು ಚೂರು ಮಾಡಿ, ಯಾವ ಪಲ್ಲವಿ ಯಾವ ಚರಣದ ನಂತರದ್ದು ಎಂದು ಜೋಡಿಸಲು ಹೊರಟರೆ ಎಷ್ಟು ಕಷ್ಟವೋ ಇಂಥ ಜೀನೋಮನ್ನು ಜೋಡಿಸುವುದೂ ಅಷ್ಟೇ ಕಷ್ಟ. ಅಂಥ ಕೆಲಸವನ್ನು ಸಿಪಿಸಿಆರ್‌ಐಯ ವಿಜ್ಞಾನಿಗಳು ಚಾವಕ್ಕಾಡ್ ಹಸಿರು ಗಿಡ್ಡ ತಳಿಯ ತೆಂಗಿನಲ್ಲಿ ಕೈಗೊಂಡು ಪ್ರಕಟಿಸಿದ್ದಾರೆ. ಬೇರು ಸೊರಗು ರೋಗವನ್ನು ತಡೆದುಕೊಳ್ಳುವ ತಳಿ ಅದು. ಇತ್ತ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮ್ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ, ಕಂಪ್ಯೂಟರ್ ವಿಜ್ಞಾನದ ವಿಭಾಗವಿದೆ, ಕನ್ನಡ ವಿಭಾಗವೂ ಇದೆ. ದೇಶದ ಮೂಲೆ ಮೂಲೆಗಳಿಂದ ವಿದ್ಯಾರ್ಥಿಗಳು ಸಿಯುಇಟಿ ಬರೆದು ಅಲ್ಲಿಗೆ ಬರುತ್ತಾರೆ. ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ವರ್ಕಾಡಿಗಳ ನಮ್ಮ ಎಷ್ಟು ಮಕ್ಕಳು ಅದರ ಆವರಣವನ್ನು ನೋಡಿದ್ದಾರೆ? ಈ ಮೂರು ವಿಭಾಗಗಳು ಒಟ್ಟಾಗಿ ವರ್ಷಕ್ಕೊಮ್ಮೆಯಾದರೂ ಜಿಲ್ಲೆಯ ಕನ್ನಡ ಮಾಧ್ಯಮದ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳನ್ನು ಕರೆಸಿ, ಕನ್ನಡದಲ್ಲೇ ವಿವರಿಸಿ, ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಅನುಕ್ರಮವನ್ನು ಅವರ ಕೈಯಾರೆ ಹೋಲಿಸಲು ಕೊಟ್ಟರೆ ಅದಕ್ಕೆ ದೊಡ್ಡ ಖರ್ಚೇನೂ ಬೀಳದು. ವಿಶ್ವವಿದ್ಯಾಲಯದ ಆಡಳಿತವು ಇದನ್ನು ಪರಿಶೀಲಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಉದ್ಯೋಗದ ಬಗ್ಗೆ ಪಾಲಕರಿಗೆ ಇರುವುದನ್ನು ಇದ್ದಂತೆಯೇ ಹೇಳಬೇಕು. ಎಂ.ಎಸ್ಸಿ. ಮುಗಿದ ತಕ್ಷಣ ದೊಡ್ಡ ಸಂಬಳ ಎಲ್ಲರಿಗೂ ಸಿಗುವುದಿಲ್ಲ. ಸಂಶೋಧನಾ ಯೋಜನೆಗಳಲ್ಲಿ ಸಿಗುವ ಕೆಲಸ ಹೆಚ್ಚಾಗಿ ಯೋಜನೆಯ ಅವಧಿಯವರೆಗೆ ಮಾತ್ರ. ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000 ರೂಪಾಯಿ ಸಿಗುತ್ತದೆ. ಪಿಎಚ್.ಡಿ. ಮುಗಿಯಲು ಐದಾರು ವರ್ಷ ಬೇಕು. ಔಷಧ ತಯಾರಿಕೆ, ರೋಗ ಪತ್ತೆ, ಬೀಜ ಮತ್ತು ತಳಿ ಅಭಿವೃದ್ಧಿಯ ಕಂಪನಿಗಳಲ್ಲಿ ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲವರಿಗೆ ಅವಕಾಶಗಳಿವೆ, ಅವು ಹೆಚ್ಚಾಗಿ ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ. ಮಗಳಿಗೆ ಇಪ್ಪತ್ತೈದು ತುಂಬಿತು, ಇನ್ನೂ ಓದು ಮುಗಿಯಲಿಲ್ಲವೇ ಎಂದು ನೆರೆಕರೆಯವರು ಕೇಳುವ ಊರು ನಮ್ಮದು. ಆ ಪ್ರಶ್ನೆಯನ್ನು ಮಗಳ ಕಿವಿಗೆ ಬೀಳದಂತೆ ತಡೆಯುವ ತಂದೆತಾಯಿಯರು ಇದ್ದರೆ ಆಕೆಯ ದಾರಿ ಅರ್ಧ ಸುಗಮವಾದಂತೆ.

ಕೊನೆಯದಾಗಿ ಮೂರು ಬೇಡಿಕೆಗಳು. ಕನ್ನಡ ಮಾಧ್ಯಮದ ತರಗತಿಗಳಲ್ಲಿ ತೆರವಾಗಿರುವ ಗಣಿತ ಮತ್ತು ಭೌತವಿಜ್ಞಾನದ ಹುದ್ದೆಗಳಿಗೆ ಕನ್ನಡದಲ್ಲಿ ಕಲಿಸಬಲ್ಲವರನ್ನೇ ನೇಮಿಸುವಂತೆ ಶಿಕ್ಷಣ ಇಲಾಖೆಯ ಮೇಲೆ ಜಿಲ್ಲೆಯ ಜನಪ್ರತಿನಿಧಿಗಳು ಒತ್ತಡ ತರಬೇಕು. ನೇಮಕಾತಿಗೆ ತಡವಾದರೆ, ಗಣಿತದಲ್ಲಿ ಪದವಿ ಪಡೆದು ಊರಲ್ಲೇ ಇರುವ ಕನ್ನಡಿಗ ತರುಣ ತರುಣಿಯರನ್ನು ತಾತ್ಕಾಲಿಕವಾಗಿಯಾದರೂ ಶಾಲೆಗಳು ಬಳಸಿಕೊಳ್ಳಬೇಕು. ಗ್ರಂಥಾಲಯಗಳು, ಯುವಕ ಮಂಡಲಗಳು, ಕನ್ನಡ ಸಂಘಟನೆಗಳು ಬೇಸಿಗೆ ರಜೆಯ ಶಿಬಿರಗಳಲ್ಲಿ ನಾಟಕ, ಯಕ್ಷಗಾನ, ಚಿತ್ರಕಲೆಗಳ ಜೊತೆಗೆ ಒಂದು ವಾರ ಗಣಿತಕ್ಕೂ ಪ್ರೋಗ್ರಾಮಿಂಗ್‌ಗೂ ಮೀಸಲಿಡಬೇಕು. ತಮ್ಮ ಪತ್ರಿಕೆಯಿಂದ ಕೇಳಿಕೊಳ್ಳುವುದು ಇಷ್ಟೇ: ಜಿಎಟಿ-ಬಿ, ಸಿಯುಇಟಿ-ಪಿಜಿ, ಐಐಟಿಗಳು ಎಂ.ಎಸ್ಸಿ. ಪ್ರವೇಶಕ್ಕೆ ನಡೆಸುವ ಜಾಮ್ ಮೊದಲಾದ ಪರೀಕ್ಷೆಗಳಿಗೆ ಅರ್ಜಿ ಕರೆಯುವುದು ಬಿ.ಎಸ್ಸಿ. ಫಲಿತಾಂಶ ಬರುವ ಎಷ್ಟೋ ತಿಂಗಳು ಮೊದಲು, ಕೊನೆಯ ವರ್ಷದ ತರಗತಿಗಳು ನಡೆಯುತ್ತಿರುವಾಗಲೇ. ಫಲಿತಾಂಶದ ನಂತರ ವಿಚಾರಿಸಲು ಹೊರಡುವ ನಮ್ಮ ಮಕ್ಕಳಿಗೆ ಆಗ ಒಂದು ವರ್ಷವೇ ಕೈತಪ್ಪಿರುತ್ತದೆ. ಈ ಅಧಿಸೂಚನೆಗಳು ಹೊರಬಿದ್ದ ವಾರದಲ್ಲೇ ಕಾಸರಗೋಡು ಪುಟದಲ್ಲಿ ಅವುಗಳ ಕೊನೆಯ ದಿನಾಂಕ, ಅರ್ಹತೆ, ಶುಲ್ಕದ ವಿವರಗಳನ್ನು ಕನ್ನಡದಲ್ಲಿ ಪ್ರಕಟಿಸಿದರೆ ದೊಡ್ಡ ಉಪಕಾರವಾಗುತ್ತದೆ. ಆ ವಿವರಗಳನ್ನು ಪ್ರತಿ ವರ್ಷ ಸಿದ್ಧಪಡಿಸಿ ಕಳುಹಿಸಿಕೊಡಲು ನಾನು ತಯಾರಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕಂಪ್ಯುಟೇಶನಲ್ ಬಯಾಲಜಿ ಅಧ್ಯಾಪಕಿ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ